ಜಾರ್ಜ್ ಹ್ಯಾರಿಸನ್ನನ ಮೂರು ತಟ್ಟೆಗಳು

ಕೂಡುಕುಟುಂಬದಲ್ಲಿ ಕಡೆಯ ತಮ್ಮನ ಮಾತಿಗೆ ಎಷ್ಟು ಬೆಲೆ ಸಲ್ಲುವುದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅಣ್ಣಂದಿರು ಸಮರ್ಥರಾಗಿದ್ದರಂತೂ ತಮ್ಮನು ಮೂವತ್ತು ದಾಟಿದರೂ ಹುಡುಗನೇ. ಆತನು ಹೇಳಿದುದನ್ನು ಕೇಳಿಸಿಕೊಂಡಂತೆ ಮಾಡಿ ಮುಂದಿನ ಮಾತಿಗೆ ಹೋಗುವರು. ಒಂದೆರಡು ಸಣ್ಣ ಕೆಲಸಗಳನ್ನು ವಹಿಸಿ, ಅಷ್ಟಕ್ಕೇ ಆತನು ಸಂತುಷ್ಟನಾಗಿರಬೇಕೆಂದು ಭಾವಿಸುವರು. ಮನೆಯೊಡೆದು ಪಾಲಾದ ಮೇಲೆ, ಈ ತಮ್ಮನ ಕೈಯಲ್ಲಿ ಇಷ್ಟು ಕಸುವಿತ್ತೆ ಎಂದು ಊರೇ ಬೆರಗಾಗುವುದುಂಟು. ಇಂಗ್ಲೆಂಡಿನ ರಾಕ್ ಸಂಗೀತದ ಚರಿತ್ರೆಯಲ್ಲಿ ನಡೆದ ಇಂಥದೇ ಒಂದು ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುವೆವು.

ರಾಕ್ ಸಂಗೀತವೆಂದೊಡನೆ ಕಿವಿ ಮುಚ್ಚಿಕೊಳ್ಳುವ ಹಿರಿಯರು ನಮ್ಮಲ್ಲಿ ಬಹು ಮಂದಿ. ಅವರೂ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ನಮ್ಮ ಪ್ರಾರ್ಥನೆ. ಈ ಕಥೆಯಲ್ಲಿ ನಮ್ಮ ಸಿತಾರೂ ಇದೆ, ಗುರುಸ್ತುತಿಯ ಶ್ಲೋಕವೂ ಇದೆ, ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಚರ್ಚಿಸಿದ ಒಂದು ಧರ್ಮಸೂಕ್ಷ್ಮವೂ ಇದೆ.

ಜಾರ್ಜ್ ಹ್ಯಾರಿಸನ್ನನು 1943ನೆಯ ಇಸವಿಯಲ್ಲಿ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಬಸ್ಸಿನ ನೌಕರ. ನಾಲ್ವರು ಮಕ್ಕಳಲ್ಲಿ ಈತನೇ ಕಡೆಯವನು. ಮುಂದೆ ಜಗತ್ಪ್ರಸಿದ್ಧವಾದ ಬೀಟಲ್ಸ್ ಮೇಳದ ನಾಲ್ವರಲ್ಲಿಯೂ ಈತನೇ ಕಿರಿಯನು. ಜಾನ್ ಲೆನನ್, ಪಾಲ್ ಮ್ಯಾಕಾರ್ಟ್ನಿ ಎಂಬ ಹಿರಿಯರಿಬ್ಬರು ಹಾಡು ಕಟ್ಟುವುದರಲ್ಲಿ ಅಸಾಧಾರಣರಾಗಿದ್ದುದರಿಂದ, ಒಂದೊಂದು ಗೀತಸಂಪುಟದಲ್ಲಿಯೂ ಜಾರ್ಜನ ರಚನೆಗಳಿಗೆ ಸಾಮಾನ್ಯವಾಗಿ ಒಂದೆರಡಕ್ಕೆ ಮಾತ್ರ ಎಡೆ ದೊರೆಯುತ್ತಿತ್ತು. 1968ರಲ್ಲಿ ಮೂವತ್ತು ಹಾಡುಗಳ ಜೋಡಿ ತಟ್ಟೆ ಹೊರಬಂದಾಗಲೂ ಈತನ ಪಾಲಿಗೆ ಬಂದವು ನಾಲ್ಕೇ. ಮಿಕ್ಕವೆಲ್ಲ ಮನಸ್ಸಿನಲ್ಲಿಯೂ ಕಾಗದದಲ್ಲಿಯೂ ಸೇರಿಕೊಳ್ಳುತ್ತ ಹೋದವು.

ಈ ನಡುವೆ ಆತನ ಚಿತ್ತವು ಪೂರ್ವಾಭಿಮುಖವಾಯಿತು. 1965ರಲ್ಲಿ ಮೇಳದ ಹಾಡೊಂದಕ್ಕೆ ಸಿತಾರನ್ನು ನುಡಿಸಿದನು. ಮರುವರ್ಷ ಲಂಡನ್ನಿನಲ್ಲಿ ಪಂಡಿತ ರವಿಶಂಕರರ ಪರಿಚಯವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಬಂದು ಅವರಲ್ಲಿ ಪಾಠ ಹೇಳಿಸಿಕೊಂಡು, ಅವರೊಡನೆ ಕಾಶ್ಮೀರಕ್ಕೂ ಹೋದನು. 1968ರ ಆದಿಯಲ್ಲಿ ಮತ್ತೆ ಮುಂಬಯಿಯಲ್ಲಿ ನಮ್ಮ ವಾದಕರನ್ನು ಕೂಡಿಸಿಕೊಂಡು ಒಂದು ಚಲಚ್ಚಿತ್ರಕ್ಕೆ ವಾದ್ಯಸಂಗೀತವನ್ನು ಮುದ್ರಿಸಿದನು. ತನ್ನ ಒಬ್ಬನ ಹೆಸರಿನಲ್ಲಿ ಆತನು ಹೊರತಂದ ಮೊದಲ ತಟ್ಟೆ ಅದೇ. ತರುವಾಯ ಹೃಷೀಕೇಶದಲ್ಲಿ ಮಹರ್ಷಿ ಮಹೇಶಯೋಗಿಗಳ ಆಶ್ರಮವಾಸ. ಸಿತಾರಿನಲ್ಲಿ ಪ್ರೌಢನಾಗಲು ಒಂದು ಜನ್ಮವೇ ಬೇಕೆಂಬುದು ಆತನಿಗೆ ತಿಳಿಯಿತು. ಆದುದರಿಂದ ಮರಳಿ ಗಿಟಾರಿಗೇ ಬಂದನು. ಆದರೂ ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. ಬೆರಳಿಗೆ ನಳಿಕೆಯನ್ನು ತೊಟ್ಟು ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮವನ್ನು ಆತನು ಮುಂದೆ ತನ್ನದಾಗಿಸಿಕೊಂಡನು. ಸ್ವರದಿಂದ ಸ್ವರಕ್ಕೆ ಮೆಲ್ಲನೆ ಜಾರುವ ಆ ನಡೆಯು ನಮ್ಮ ಗಮಕಗಳನ್ನು ಬಲ್ಲವರ ಕಿವಿಗೆ ಅಪರಿಚಿತವಲ್ಲ.

1969ರ ಜನವರಿಯಲ್ಲಿ ಮೇಳದವರು ಹೊಸ ಹಾಡುಗಳ ಅಭ್ಯಾಸಕ್ಕಾಗಿ ಸೇರಿದ್ದರು. ಜಾರ್ಜನು ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಎಂಬ ತನ್ನ ಹಾಡನ್ನು ಅವರ ಮುಂದಿಟ್ಟನು. ‘ಎಲ್ಲವೂ ಸರಿದುಹೋಗಲೇಬೇಕು’ ಎಂದು ಅದರ ಅರ್ಥ. ಚೀನದೇಶದ ಪ್ರಾಚೀನ ದಾವ್ ಗ್ರಂಥದ ಒಂದು ಪದ್ಯದ ಇಂಗ್ಲಿಷ್ ಛಾಯೆಯನ್ನು ಓದಿದುದರಿಂದ ಹುಟ್ಟಿದ ಹಾಡು ಅದು. ಅನಿತ್ಯತೆಯ ಈ ತತ್ತ್ವವು ನಮ್ಮವರಿಗೆ ಹೊಸದಲ್ಲ. ಆದರೆ ಇಪ್ಪತ್ತಾರು ತುಂಬದ ತರುಣನು, ಕೀರ್ತಿಶಿಖರದಲ್ಲಿ ಕುಳಿತು, ಅದನ್ನು ಮನಮುಟ್ಟಿ ಹೇಳುವುದು ವಿರಳ. ಮೇಳದವರು ಕೆಲವು ಸಾರಿ ಅದನ್ನು ನುಡಿಸಿ ನೋಡಿ ಕೈಬಿಟ್ಟರು. ಅಸಮಾಧಾನಗಳು ಬೆಳೆದು, ಆ ತಿಂಗಳ 10ನೆಯ ತಾರೀಖು ಜಾರ್ಜನು ಮೇಳವನ್ನೇ ಬಿಟ್ಟು ಮನೆಗೆ ನಡೆದನು. ಕೆಲವು ದಿನಗಳ ಮೇಲೆ ರಾಜಿಯಾಗಿ ಹಿಂದಿರುಗಿದನೇನೋ ನಿಜ. ಆದರೆ ಬಿರುಕು ಮುಚ್ಚಲಿಲ್ಲ. 1970ರ ಏಪ್ರಿಲಿನಲ್ಲಿ ಮೇಳವು ಒಡೆಯಿತೆಂಬ ಸುದ್ದಿ ಲೋಕಕ್ಕೆಲ್ಲ ತಿಳಿಯಿತು.

ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ ಜಾರ್ಜನು ಲಂಡನ್ನಿನ ಆಬಿ ರೋಡಿನ ಧ್ವನಿಮುದ್ರಣಶಾಲೆಯನ್ನು ಹೊಕ್ಕನು. ಸಹನಿರ್ಮಾಪಕನಾಗಿ ಅಮೆರಿಕದ ಫಿಲ್ ಸ್ಪೆಕ್ಟರ್ ಎಂಬವನನ್ನು ಕೂಡಿಸಿಕೊಂಡನು. ಈ ಸ್ಪೆಕ್ಟರನ ಕ್ರಮವನ್ನು ‘ಧ್ವನಿಯ ಗೋಡೆ’ ಎಂದು ಕರೆಯುತ್ತಿದ್ದರು. ಒಂದು ಗಿಟಾರು ಸಾಲುವೆಡೆಯಲ್ಲಿ ಐದು ಗಿಟಾರುಗಳು, ಒಂದು ಪಿಯಾನೋ ಇರುವೆಡೆಯಲ್ಲಿ ಎರಡು, ತಾಳವಾದ್ಯಗಳೂ ಅಂತೆಯೇ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಏಕಕಾಲಕ್ಕೆ ನುಡಿಸಿ, ಅದರ ಮೇಲೆ ಪ್ರತಿಧ್ವನಿಯನ್ನು ಧಾರಾಳವಾಗಿ ಬೆರೆಸಿದರೆ, ಬಿಡಿ ವಾದ್ಯಗಳ ಗುರುತು ಅಳಿದು ಒಂದು ಮಹಾಪ್ರವಾಹವಾಗಿ ಕೇಳಿಬರುವುದು. ಹಳೆಯ ಒಡನಾಡಿಗಳಲ್ಲಿ ರಿಂಗೋ ಸ್ಟಾರ್ ಬಂದು ತಾಳವಾದ್ಯ ನುಡಿಸಿದನು. ಗಿಟಾರಿಗೆ ಎರಿಕ್ ಕ್ಲಾಪ್ಟನ್, ಮಂದ್ರ ಗಿಟಾರಿಗೆ ಕ್ಲಾಸ್ ಫೋರ್ಮನ್, ಆರ್ಗನ್ ವಾದ್ಯಕ್ಕೆ ಬಿಲ್ಲಿ ಪ್ರೆಸ್ಟನ್, ತಂತಿವಾದ್ಯವೃಂದದ ವಿನ್ಯಾಸಕ್ಕೆ ಜಾನ್ ಬಾರ್ಹಮ್. ಬಾಬ್ ಡಿಲನ್ನನ ಹಾಡೊಂದೂ, ಆತನೊಡನೆ ಕೂಡಿ ಬರೆದ ಮತ್ತೊಂದೂ ಸಂಪುಟದಲ್ಲಿ ಸೇರಿದವು.

ಕೆಲಸವು ಸುಲಲಿತವಾಗಿ ಸಾಗಲಿಲ್ಲ. ಸ್ಪೆಕ್ಟರನು ನಡುವೆ ಬಹುಕಾಲ ಬಾರದೆ ಉಳಿದುದರಿಂದ, ಹೆಚ್ಚಿನ ಭಾರವು ಜಾರ್ಜನ ಮೇಲೆಯೇ ಬಿದ್ದಿತು. ಇದಕ್ಕಿಂತ ದೊಡ್ಡ ದುಃಖವು ಜುಲೈ ತಿಂಗಳಿನಲ್ಲಿ ಒದಗಿತು. ಬಾಲ್ಯದಿಂದಲೂ ಆತನ ಸಂಗೀತಕ್ಕೆ ಒತ್ತಾಸೆಯಾಗಿದ್ದ ತಾಯಿ ಲೂಯಿಸ್ ಕಾಲವಾದಳು. ಎಲ್ಲವೂ ಸರಿದುಹೋಗುವುದೆಂದು ಹಾಡು ಬರೆಯುವುದು ಒಂದು, ತಾಯಿಯ ಹಾಸಿಗೆಯ ಬಳಿ ಕುಳಿತು ಅದನ್ನು ಕಾಣುವುದು ಇನ್ನೊಂದು. ಆದರೂ ಆತನು ಹಿಡಿದ ಕೆಲಸವನ್ನು ಬಿಡಲಿಲ್ಲ. ಅಕ್ಟೋಬರಿನ ವೇಳೆಗೆ ಮುದ್ರಣ ಮುಗಿಯಿತು.

ನವೆಂಬರ್ ಕೊನೆಯ ವಾರದಲ್ಲಿ ಸಂಪುಟವು ಹೊರಬಂದಿತು. ಒಂದು ಪೆಟ್ಟಿಗೆಯಲ್ಲಿ ಮೂರು ತಟ್ಟೆಗಳು, ಒಟ್ಟು ಇಪ್ಪತ್ತಮೂರು ರಚನೆಗಳು. ಮೇಲಿನ ಚಿತ್ರದಲ್ಲಿ ತನ್ನ ಮನೆಯ ಹುಲ್ಲುಗಾವಲಿನ ಮೇಲೆ ಜಾರ್ಜನು ಒಬ್ಬನೇ ಕುಳಿತಿರುವನು. ಸುತ್ತಲೂ ತೋಟದ ಅಲಂಕಾರಕ್ಕಿಟ್ಟ ನಾಲ್ಕು ಕುಳ್ಳರ ಬೊಂಬೆಗಳು ಬಿದ್ದುಕೊಂಡಿವೆ. ಆ ನಾಲ್ಕರಲ್ಲಿ ಒಡೆದುಹೋದ ಮೇಳದ ನಾಲ್ವರನ್ನು ಕಂಡವರು ಹಲವರು. ಹಾಡುಗಳಲ್ಲಿ ಕೆಲವು ಹಿಂದಿನ ವರ್ಷಗಳಲ್ಲಿ ಕೂಡಿಬಂದ ಕಡತದಿಂದ ತೆಗೆದವು, ಕೆಲವು ಹೊಸವು. ಒಂದು ಮಾಯೆಯ ಕತ್ತಲೆಗೆ ಸಿಲುಕದಿರೆಂದು ಎಚ್ಚರಿಸುವುದು. ಒಂದು ಮರಣದ ಕಲೆಯನ್ನು ಕುರಿತದ್ದು. ಒಂದು ನಾಮಜಪದ ಮಹಿಮೆಯನ್ನು ಹೇಳುವುದು. ಇನ್ನೊಂದು, ಮನುಷ್ಯರು ಒಬ್ಬರನ್ನೊಬ್ಬರು ನೋಯಿಸಿಕೊಳ್ಳುವರಲ್ಲಾ ಎಂದು ಮರುಗುವುದು. ಈ ಕಡೆಯ ಹಾಡು ಏಳು ನಿಮಿಷ ಮೀರಿದುದು; ಮೇಳದವರು 1966ರಲ್ಲಿಯೇ ಬೇಡವೆಂದದ್ದು. ಮೂರನೆಯ ತಟ್ಟೆಯು ಮಾತ್ರ ಬಹುಮಟ್ಟಿಗೆ ಗೆಳೆಯರ ವಿನೋದವಾದನ. ಅದು ಇಲ್ಲದಿದ್ದರೂ ನಡೆಯುತ್ತಿತ್ತೆಂದು ಆಗಿನಿಂದಲೂ ಹೇಳುವವರಿದ್ದಾರೆ, ನಮ್ಮ ಅಭಿಪ್ರಾಯವೂ ಅದೇ.

ಇಷ್ಟು ದೊಡ್ಡ ಸಂಪುಟವನ್ನು ಕಿರಿಯನ ಹೆಸರಿನಲ್ಲಿ ಯಾರು ಕೊಳ್ಳುವರೆಂಬ ಶಂಕೆಗೆ ಜನರೇ ಉತ್ತರ ಕೊಟ್ಟರು. ಅಮೆರಿಕದಲ್ಲಿ 1971ರ ಆದಿಯಿಂದ ಏಳು ವಾರ ಅದು ಮಾರಾಟದ ಪಟ್ಟಿಯ ಅಗ್ರಸ್ಥಾನದಲ್ಲಿತ್ತು. ಬ್ರಿಟನ್ನಿನಲ್ಲಿ ಅಂಚೆ ನೌಕರರ ಮುಷ್ಕರವಾಗಿ ಅಂಗಡಿಗಳ ಲೆಕ್ಕ ಸೇರದೆ ಹೋದುದರಿಂದ, ಅಲ್ಲಿಯ ಅಗ್ರಸ್ಥಾನವು ದಾಖಲೆಗೆ ಬರಲಿಲ್ಲ. ಮೂವತ್ತೈದು ವರ್ಷಗಳ ಮೇಲೆ, 2006ರಲ್ಲಿ, ಆ ಪಟ್ಟಿಯನ್ನು ತಿದ್ದಿ ಎಂಟು ವಾರಗಳ ಗೌರವವನ್ನು ಸಲ್ಲಿಸಿದರು. ವಿಮರ್ಶಕರು ಕಡಿಮೆಯಾಗಲಿಲ್ಲ. ಲಂಡನ್ನಿನ ಒಬ್ಬನು, ಮೂಕಿ ಚಿತ್ರಗಳ ನಟಿ ಗ್ರೆಟಾ ಗಾರ್ಬೋ ಮೊದಲ ಸಲ ಮಾತನಾಡಿದಾಗ ಆದ ಅಚ್ಚರಿಗೆ ಇದನ್ನು ಹೋಲಿಸಿದನು. ಅಮೆರಿಕದ ಒಬ್ಬನು ಟಾಲ್‌ಸ್ಟಾಯನ ‘ಯುದ್ಧ ಮತ್ತು ಶಾಂತಿ’ಯನ್ನು ನೆನೆದನು.

ಸಂಪುಟದಲ್ಲಿ ಅತ್ಯಂತ ಜನಪ್ರಿಯವಾದ ಹಾಡು ‘ಮೈ ಸ್ವೀಟ್ ಲಾರ್ಡ್’. ಕ್ರೈಸ್ತರ ಸ್ತೋತ್ರಪದದಿಂದ ಮೊದಲಾಗುವ ಹಿಮ್ಮೇಳವು, ಕೇಳುಗನಿಗೆ ಅರಿವಾಗದಂತೆ, ಕೃಷ್ಣನಾಮಕ್ಕೆ ತಿರುಗುವುದು. ಕೊನೆಯಲ್ಲಿ ನಮ್ಮ ಮಕ್ಕಳು ಪ್ರಾತಃಕಾಲ ಹೇಳುವ ಗುರುಸ್ತುತಿಯ ಶ್ಲೋಕವೇ ಕೇಳಿಬರುವುದು. ದೇವರನ್ನು ಕಾಣಬೇಕೆಂಬ ಹಂಬಲವೊಂದೇ ಅದರ ವಸ್ತು. ಬೇರೆಯಾದ ಮೇಲೆ ಮೇಳದ ನಾಲ್ವರಲ್ಲಿ ಯಾರ ಹಾಡೂ ಮುಟ್ಟದಿದ್ದ ಪ್ರಥಮಸ್ಥಾನವನ್ನು ಎರಡು ದೇಶಗಳಲ್ಲಿಯೂ ಮೊದಲು ಮುಟ್ಟಿದುದು ಇದೇ.

ಇಲ್ಲಿಂದ ಮುಂದೆ ಕಥೆಯು ನ್ಯಾಯಾಲಯವನ್ನು ಹೊಗುವುದು. 1963ರಲ್ಲಿ ಶಿಫಾನ್ಸ್ ಎಂಬ ಅಮೆರಿಕದ ತರುಣಿಯರ ಮೇಳವು ಹಾಡಿದ್ದ ‘ಹೀಸ್ ಸೋ ಫೈನ್’ ಎಂಬ ಪ್ರಣಯಗೀತದ ಧಾಟಿಯನ್ನೇ ಕದ್ದಿರುವನೆಂದು, ಆ ಹಾಡಿನ ಹಕ್ಕುದಾರರು 1971ರ ಫೆಬ್ರವರಿಯಲ್ಲಿ ದಾವೆ ಹೂಡಿದರು. ನ್ಯಾಯಾಧೀಶ ರಿಚರ್ಡ್ ಓವೆನ್ನನು ಸ್ವತಃ ಸಂಗೀತರಚನಕಾರ. ಆತನು ಎರಡು ಹಾಡುಗಳನ್ನೂ ಸ್ವರಗಳಾಗಿ ಬಿಡಿಸಿ ನೋಡಿದನು. ನಮ್ಮ ಸಂಜ್ಞೆಯಲ್ಲಿ ಹೇಳುವುದಾದರೆ, ಮೊದಲ ತುಣುಕು ಪ-ಗ-ರಿ, ಎರಡನೆಯದು ಪ-ಧ-ಸ-ಧ-ಸ, ಇವೆರಡನ್ನೂ ಮತ್ತೆ ಮತ್ತೆ ಹಾಡುವ ಕ್ರಮವೂ ಎರಡರಲ್ಲಿಯೂ ಒಂದೇ. 1976ರಲ್ಲಿ ಬಂದ ತೀರ್ಪಿನಲ್ಲಿ, ಹ್ಯಾರಿಸನ್ನನು ಬುದ್ಧಿಪೂರ್ವಕವಾಗಿ ಕದ್ದನೆಂದು ತಾನು ನಂಬುವುದಿಲ್ಲವೆಂದೂ, ಆದರೆ ಹಿಂದೆ ಕೇಳಿದ್ದ ಹಾಡು ಅಂತರ್ಮನಸ್ಸಿನಲ್ಲಿ ಉಳಿದು ಹೊರಹೊಮ್ಮಿತೆಂದೂ, ಕಾನೂನಿನ ದೃಷ್ಟಿಯಲ್ಲಿ ಅದೂ ಅಪಹರಣವೇ ಎಂದೂ ನ್ಯಾಯಾಧೀಶನು ಹೇಳಿದನು.

ಇದರ ಮೇಲೊಂದು ವಿಪರೀತವು ಸಂಭವಿಸಿತು. ದಾವೆಯ ಆರಂಭಕಾಲದಲ್ಲಿ ಜಾರ್ಜನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಆಲೆನ್ ಕ್ಲೈನ್ ಎಂಬವನು, ಕೆಲಸ ಬಿಟ್ಟ ಮೇಲೆ, ವಾದಿಯ ಹಕ್ಕುಗಳನ್ನೇ 5,87,000 ಡಾಲರಿಗೆ ಕೊಂಡು ಎದುರುಪಕ್ಷವಾಗಿ ನಿಂತನು. ಪರಿಹಾರದ್ರವ್ಯವು ಸುಮಾರು ಹದಿನಾರು ಲಕ್ಷ ಡಾಲರೆಂದು ಲೆಕ್ಕವಾಗಿದ್ದರೂ, 1981ರಲ್ಲಿ ನ್ಯಾಯಾಲಯವು ಕ್ಲೈನನ ಈ ನಡತೆಯನ್ನು ಒಪ್ಪದೆ, ಆತನು ಕೊಟ್ಟ ಬೆಲೆಯಷ್ಟನ್ನೇ ಪಡೆದು ಹಕ್ಕನ್ನು ಹ್ಯಾರಿಸನ್ನನಿಗೆ ಬಿಟ್ಟುಕೊಡಬೇಕೆಂದು ವಿಧಿಸಿತು. ನಂಬಿಕೆಯ ಮನುಷ್ಯನು ಒಳಗುಟ್ಟನ್ನು ತಿಳಿದು ಲಾಭಮಾಡಿಕೊಳ್ಳಬಾರದೆಂಬುದು ಆ ತೀರ್ಪಿನ ಸಾರ.

ಹಾಗಾದರೆ ಹ್ಯಾರಿಸನ್ನನು ಕಳ್ಳನೆ? ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ, ‘ಧ್ವನ್ಯಾಲೋಕ’ದ ಕಡೆಯ ಉದ್ದ್ಯೋತದಲ್ಲಿ, ಕೃತಿಗಳ ಸಾದೃಶ್ಯವನ್ನು ಮೂರು ವಿಧವಾಗಿ ವಿಭಾಗಿಸುವನು. ಕನ್ನಡಿಯ ಬಿಂಬದಂತಿರುವುದು ಒಂದು. ಬರೆದ ಚಿತ್ರದಂತಿರುವುದು ಮತ್ತೊಂದು. ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೋಲುವಂತಿರುವುದು ಮೂರನೆಯದು. ಮೊದಲಿನ ಎರಡಕ್ಕೆ ಸ್ವಂತ ಜೀವವಿಲ್ಲವಾದುದರಿಂದ ಕವಿಯು ಅವನ್ನು ವರ್ಜಿಸಬೇಕು; ಮೂರನೆಯದಕ್ಕೆ ಬೇರೆಯದೇ ಆತ್ಮವಿರುವುದರಿಂದ ಅದು ದೋಷವಲ್ಲ. ಮುಖವು ಅಣ್ಣನಂತಿದೆಯೆಂದು ತಮ್ಮನನ್ನು ಯಾರೂ ಅಣ್ಣನ ನಕಲೆನ್ನರು.

ಪ, ಗ, ರಿ, ಧ, ಸ ಎಂಬ ಸ್ವರಗಳು ಮೋಹನರಾಗವನ್ನು ಬಲ್ಲ ನಮ್ಮ ಮನೆಯ ಹುಡುಗಿಯರಿಗೂ ಪರಿಚಿತ. ಒಂದೇ ರಾಗದ ಒಂದೇ ಸಂಚಾರವು ನೂರು ಕೀರ್ತನೆಗಳಲ್ಲಿ ಬಂದರೂ ನಮ್ಮಲ್ಲಿ ದಾವೆ ಹೂಡುವವರಿಲ್ಲ. ಹಾಗೆಂದು ಪರದೇಶದ ನ್ಯಾಯಾಧೀಶನನ್ನು ಹಳಿಯುವುದೂ ಸಲ್ಲದು. ಆ ದೇಶದ ಹಾಡು ಕಟ್ಟುವವನಿಗೆ ಧಾಟಿಯೇ ಆಸ್ತಿ, ಅದೇ ಜೀವನೋಪಾಯ. ಆಸ್ತಿಯ ನ್ಯಾಯದಲ್ಲಿ ತೀರ್ಪು ಸರಿಯೆನ್ನಬಹುದು. ಕಾವ್ಯದ ನ್ಯಾಯದಲ್ಲಿ ಮಾತ್ರ, ಪ್ರಿಯನನ್ನು ಬಯಸುವ ಹುಡುಗಿಯ ಹಾಡು ಭಗವಂತನನ್ನು ಬಯಸುವ ಜೀವದ ಹಾಡಾಗಿ ಬದಲಾದುದನ್ನು ತುಲ್ಯದೇಹಿಯ ಪಂಕ್ತಿಯಲ್ಲಿಯೇ ನಾವು ಕೂರಿಸುವೆವು. ನೈಯಾಯಿಕರು ಸ್ಮೃತಿಯು ಸಂಸ್ಕಾರದಿಂದ ಹುಟ್ಟುವುದೆನ್ನುವರು. ಸಂಸ್ಕಾರವು ಉಳಿದು, ಎಲ್ಲಿಂದ ಬಂತೆಂಬ ನೆನಪು ಮಾತ್ರ ಅಳಿಯುವುದು ಮನುಷ್ಯಮಾತ್ರರಿಗೆಲ್ಲ ಸಹಜ.

ದಾವೆಯ ನೆರಳು ಬೀಳುತ್ತಿದ್ದ ವರ್ಷದಲ್ಲಿಯೇ ಈ ಹಾಡುಗಳಿಂದ ಒಂದು ಪುಣ್ಯಕಾರ್ಯವೂ ನಡೆಯಿತು. ಪೂರ್ವಬಂಗಾಳದ ನಿರಾಶ್ರಿತರ ಸಂಕಟವನ್ನು ರವಿಶಂಕರರು ತೋಡಿಕೊಂಡಾಗ, ಜಾರ್ಜನು ಗೆಳೆಯರನ್ನೆಲ್ಲ ಕೂಡಿಸಿ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಎರಡು ಕಚೇರಿಗಳನ್ನು ಏರ್ಪಡಿಸಿದನು. ಸುಮಾರು ನಲವತ್ತು ಸಾವಿರ ಜನರು ಕೇಳಿದರು. ಅಲ್ಲಿ ಆತನು ಹಾಡಿದವುಗಳಲ್ಲಿ ಹಲವು ಈ ಸಂಪುಟದವೇ.

ಮುಂದೆ 1978ರಲ್ಲಿ ಹುಟ್ಟಿದ ಮಗನಿಗೆ ಆತನು ಸಪ್ತಸ್ವರಗಳಲ್ಲಿ ಕಡೆಯವೆರಡನ್ನು ಕೂಡಿಸಿ ‘ಧನಿ’ ಎಂದು ಹೆಸರಿಟ್ಟನು. 2001ರ ಆದಿಯಲ್ಲಿ ಸಂಪುಟವನ್ನು ಪುನಃ ಹೊರತಂದಾಗ, ಆ ಪ್ರತಿಧ್ವನಿಯ ಭಾರದಿಂದ ಕೆಲವು ಹಾಡುಗಳನ್ನು ಬಿಡಿಸಬೇಕೆಂದು ತನಗೆ ತೋರುವುದೆಂದು ಬರೆದನು. ಹೊಸ ಪುಸ್ತಿಕೆಯ ಚಿತ್ರಗಳಲ್ಲಿ ಹಳೆಯ ಹುಲ್ಲುಗಾವಲಿನ ಸುತ್ತ ಕಟ್ಟಡಗಳೂ ಮೇಲುಸೇತುವೆಯೂ ಎದ್ದಿದ್ದವು. ಹುಲ್ಲುಗಾವಲೂ ಸರಿದುಹೋಗುವುದೆಂಬ ಪರಿಹಾಸ ಅದರಲ್ಲಿತ್ತು. ಅದೇ ವರ್ಷ ನವೆಂಬರ್ 29ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಆತನು ದೇಹ ಬಿಟ್ಟನು. ಮರುತಿಂಗಳು ಕಳೆಯುತ್ತಲೇ ‘ಮೈ ಸ್ವೀಟ್ ಲಾರ್ಡ್’ ಬ್ರಿಟನ್ನಿನಲ್ಲಿ ಮತ್ತೆ ಪ್ರಥಮಸ್ಥಾನಕ್ಕೇರಿತು. 2021ರಲ್ಲಿ ಧನಿಯ ಮೇಲ್ವಿಚಾರಣೆಯಲ್ಲಿ ಹಾಡುಗಳನ್ನು ಹೊಸದಾಗಿ ಹದಗೊಳಿಸಿದ ಆವೃತ್ತಿಯು ಬಂದು, ತಂದೆಯ ಧ್ವನಿಯು ಆ ಗೋಡೆಯ ಹಿಂದಿನಿಂದ ಸ್ವಲ್ಪ ಮುಂದೆ ಬಂದಂತಾಯಿತು.

ಬೇಡವೆನಿಸಿಕೊಂಡ ಹಾಡುಗಳನ್ನು ಜಾರ್ಜನು ಹರಿದು ಬಿಸುಡಲಿಲ್ಲ. ಬೇಡವೆಂದವರೊಡನೆ ಜೀವಾವಧಿ ಕಲಹವನ್ನೂ ಬೆಳೆಸಲಿಲ್ಲ. ಕಾಲವು ಕೂಡಿಬರುವವರೆಗೆ ಕಾಪಾಡಿಕೊಂಡು, ಬಂದಾಗ ಹಿಂಜರಿಯದೆ ಹೊರಗಿಟ್ಟನು. ನಮ್ಮ ಮನೆಗಳಲ್ಲಿಯೂ ಪಂಕ್ತಿಯ ಕೊನೆಯಲ್ಲಿ ಸುಮ್ಮನೆ ಕುಳಿತು ಉಣ್ಣುವ ಕಿರಿಯರಿದ್ದಾರೆ. ಅವರ ಪೆಟ್ಟಿಗೆಯಲ್ಲಿ ಏನಿದೆಯೆಂದು ಹಿರಿಯರು, ಮನೆ ಪಾಲಾಗುವುದಕ್ಕೆ ಮುಂಚೆಯೇ, ಒಮ್ಮೆ ಕೇಳಿ ನೋಡುವುದು ಲೇಸು.