ಮಸಿಯೂ ಮೂಗುಬೊಟ್ಟೂ

ತೀರ್ಥಹಳ್ಳಿಯಲ್ಲಿ ನಮ್ಮಜ್ಜಿ ಹರಳೆಣ್ಣೆಯ ದೀಪದ ಮಸಿ ಹಿಡಿದು ಕಾಡಿಗೆ ಮಾಡುವಾಗ ಅವರ ಮೂಗುಬೊಟ್ಟು ಮಿನುಗುತ್ತಿತ್ತು. ಅವರು ಹೋದ ಮೇಲೆ ಹೊಸನಗರದ ಅತ್ತೆ ಅದನ್ನು ಗಾಜೆಂದರು. ಸಾಗರದ ಅಕ್ಕಸಾಲಿಗರು ವಜ್ರವೆಂದರು. ವಜ್ರವೇ ಆದರೆ ಅದೂ ದೀಪದ ಮಸಿಯೂ ನನ್ನ ಪೆನ್ಸಿಲಿನ ಗ್ರಾಫೈಟೂ ಒಂದೇ ಇಂಗಾಲ.

ಭೇದವನ್ನು ಎಲೆಕ್ಟ್ರಾನುಗಳು ಬಲ್ಲವು. ತೆಳುಪದರವನ್ನು ಹಾಯ್ದು ಬಂದ ಎಲೆಕ್ಟ್ರಾನುಗಳು ಕಳೆದುಕೊಂಡ ಶಕ್ತಿಯನ್ನು ಅಳೆದರೆ, ಗ್ರಾಫೈಟಿನಲ್ಲಿ ಸುಮಾರು 285 ಎಲೆಕ್ಟ್ರಾನ್‌ವೋಲ್ಟಿನಲ್ಲಿ ಮೊನಚಾದ ಶಿಖರವೊಂದು ಕಾಣುತ್ತದೆ. ಅದು ಪೈ ಬಂಧದ ಗುರುತು. ಆ ಬಂಧವೇ ಇಲ್ಲದ ವಜ್ರದಲ್ಲಿ ಏರಿಕೆ 289ರ ಬಳಿ ಮೊದಲಾಗುತ್ತದೆ. ಪರಮಾಣುಗಳು ಅಸ್ತವ್ಯಸ್ತವಾಗಿರುವ ಮಸಿಯಲ್ಲಿ ಮೊದಲ ಶಿಖರವುಂಟು, ಮುಂದಿನದೆಲ್ಲ ಮಸುಕು. ಗಾಜಿನಲ್ಲಿ ಈ ಏರಿಕೆಯೇ ಇಲ್ಲ.

ಸಿ. ಎನ್. ಆರ್. ರಾಯರು ಎಲೆಕ್ಟ್ರಾನ್ ರೋಹಿತಗಳನ್ನು ಅಭ್ಯಸಿಸಿದ ಬೆಂಗಳೂರಿಗೆ ಒಯ್ದರೆ ತೀರ್ಮಾನವಾದೀತು. ಆದರೆ ಹರಳಿನ ಚೂರೊಂದನ್ನು ತೆಗೆದು 100 ನ್ಯಾನೋಮೀಟರಿಗೂ ತೆಳ್ಳಗಾಗಿಸಬೇಕಂತೆ! ಮೂಗುಬೊಟ್ಟು ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ.