ಮನುಯೆಲ್ ಆಂಟೋನಿಯೊ ವಸ್ಸಾಲೊ ಇ ಸಿಲ್ವಾ

ಮನುಯೆಲ್ ಆಂಟೋನಿಯೊ ವಸ್ಸಾಲೊ ಇ ಸಿಲ್ವಾ (8 ನವೆಂಬರ್ 1899 – 11 ಆಗಸ್ಟ್ 1985) ಪೋರ್ಚುಗಲ್ ಸೇನೆಯ ಉನ್ನತಾಧಿಕಾರಿ. ಗೋವಾ, ದಮನ್ ಮತ್ತು ದಿಯು ಪ್ರದೇಶಗಳನ್ನು ಒಳಗೊಂಡಿದ್ದ ಪೋರ್ಚುಗೀಸ್ ಭಾರತದ ಕೊನೆಯ ಗವರ್ನರ್ ಜನರಲ್ ಆಗಿದ್ದವರು. 1961ರ ಡಿಸೆಂಬರ್‌ನಲ್ಲಿ ಭಾರತೀಯ ಸೇನೆ ಗೋವಾವನ್ನು ಪ್ರವೇಶಿಸಿದಾಗ, ಕೊನೆಯ ಸೈನಿಕನವರೆಗೂ ಹೋರಾಡಿ ಮಡಿಯಬೇಕೆಂಬ ತಮ್ಮ ಸರ್ಕಾರದ ಆಜ್ಞೆಯನ್ನು ಪಾಲಿಸಲು ನಿರಾಕರಿಸಿ, ಡಿಸೆಂಬರ್ 19ರ ರಾತ್ರಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಇದರೊಂದಿಗೆ ಗೋವಾದಲ್ಲಿ 451 ವರ್ಷಗಳ ಪೋರ್ಚುಗೀಸ್ ಆಳ್ವಿಕೆ ಅಂತ್ಯಗೊಂಡಿತು. ಈ ಅವಿಧೇಯತೆಗಾಗಿ ಅವರನ್ನು 1963ರಲ್ಲಿ ಸೇನೆಯಿಂದ ಹೊರಹಾಕಲಾಯಿತು. 1974ರ ಕ್ರಾಂತಿಯ ಬಳಿಕ ಅವರ ಸೇನಾ ಸ್ಥಾನಮಾನವನ್ನು ಮರಳಿ ನೀಡಲಾಯಿತು.

## ಜನನ ಮತ್ತು ಕುಟುಂಬ

ವಸ್ಸಾಲೊ ಇ ಸಿಲ್ವಾ ಮಧ್ಯ ಪೋರ್ಚುಗಲ್‌ನ ಟೊರೆಸ್ ನೊವಾಸ್ ಎಂಬ ಊರಿನಲ್ಲಿ ಜನಿಸಿದರು. ಸೇನೆಯಲ್ಲಿ ಎಂಜಿನಿಯರ್ ಅಧಿಕಾರಿಯಾಗಿ ಸೇವೆ ಸಲ್ಲಿಸಿ ಜನರಲ್ ಹುದ್ದೆಗೇರಿದರು. ಅವರ ಅಕ್ಕ ಮರಿಯಾ ಲಾಮಾಸ್ (1893–1983) ಪೋರ್ಚುಗಲ್‌ನ ಪ್ರಸಿದ್ಧ ಲೇಖಕಿ, ಪತ್ರಕರ್ತೆ ಮತ್ತು ಮಹಿಳಾ ಹಕ್ಕುಗಳ ಹೋರಾಟಗಾರ್ತಿ. ಸರ್ವಾಧಿಕಾರಿ ಆಂಟೋನಿಯೊ ಡಿ ಒಲಿವೇರಾ ಸಲಾಜಾರ್ ಆಡಳಿತವನ್ನು ಬಹಿರಂಗವಾಗಿ ವಿರೋಧಿಸಿದ ಆಕೆ ಸೆರೆವಾಸವನ್ನೂ ಪ್ಯಾರಿಸ್‌ನಲ್ಲಿ ದೇಶಭ್ರಷ್ಟ ಜೀವನವನ್ನೂ ಅನುಭವಿಸಬೇಕಾಯಿತು. ಅಕ್ಕ ವಿರೋಧಿಸುತ್ತಿದ್ದ ಅದೇ ಆಡಳಿತದಲ್ಲಿ ತಮ್ಮ ಉನ್ನತ ಪದವಿಗಳನ್ನು ಹೊಂದಿದ್ದರು. 1961ರವರೆಗೆ ಅವರು ಸರ್ಕಾರಕ್ಕೆ ನಿಷ್ಠರಾದ ಅಧಿಕಾರಿಯೆಂದೇ ಪರಿಗಣಿತರಾಗಿದ್ದರು.

## ಹಿನ್ನೆಲೆ

### ಗೋವಾ ಮತ್ತು ಉತ್ತರ ಕನ್ನಡ

ಪೋರ್ಚುಗೀಸರು 1510ರಲ್ಲಿ ಗೋವಾ ನಗರವನ್ನು ಬಿಜಾಪುರದ ಆದಿಲ್‌ಶಾಹಿಗಳಿಂದ ವಶಪಡಿಸಿಕೊಂಡರು. ಆದರೆ ಇಂದಿನ ಗೋವಾದ ಹೆಚ್ಚಿನ ಭಾಗ ಅವರ ಕೈಸೇರಿದ್ದು 18ನೆಯ ಶತಮಾನದಲ್ಲಿ. ಈ ವಿಸ್ತರಣೆಗೆ ಉತ್ತರ ಕನ್ನಡ ಜಿಲ್ಲೆಯ ಇತಿಹಾಸದೊಂದಿಗೆ ನೇರ ಸಂಬಂಧವಿದೆ. ಸಿರ್ಸಿ ತಾಲೂಕಿನ ಸೋದೆ (ಸ್ವಾದಿ) ರಾಜಧಾನಿಯಾಗಿದ್ದ ಅರಸುಮನೆತನವು ಘಟ್ಟದ ಮೇಲಿನ ಸಿರ್ಸಿ, ಯಲ್ಲಾಪುರ ಭಾಗಗಳ ಜೊತೆಗೆ ಗೋವಾದ ಫೋಂಡಾ, ಸಾಂಗೆ, ಕೇಪೆ, ಕಾಣಕೋಣ ಪ್ರದೇಶಗಳ ಮೇಲೂ ಅಧಿಕಾರ ಹೊಂದಿತ್ತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೈನ್ಯ ಸೋದೆಯತ್ತ ತಿರುಗಿದಾಗ ಅಲ್ಲಿನ ಅರಸರು ಗೋವಾದಲ್ಲಿ ಆಶ್ರಯ ಪಡೆದರು. ಘಟ್ಟದ ಕೆಳಗಿನ ಅವರ ಸೀಮೆಗಳು ಪೋರ್ಚುಗೀಸರ ವಶವಾಗಿ, ಮುಂದೆ 'ಹೊಸ ಗೆಲುವಿನ ಪ್ರದೇಶಗಳು' ಎಂಬ ವಿಭಾಗದಲ್ಲಿ ಸೇರಿದವು. ಸೋದೆಯ ಅರಸು ವಂಶಸ್ಥರು ಫೋಂಡಾ ಬಳಿಯ ಬಾಂದೋಡೆಯಲ್ಲಿ ನೆಲೆಸಿದರು. 1961ರಲ್ಲಿ ವಸ್ಸಾಲೊ ಇ ಸಿಲ್ವಾ ಬಿಟ್ಟುಕೊಟ್ಟ ಗೋವಾದಲ್ಲಿ ಹೀಗೆ ಒಂದು ಕಾಲದ ಸೋದೆ ಸೀಮೆಯೂ ಸೇರಿತ್ತು.

### ಸಲಾಜಾರ್ ನೀತಿ

ಬ್ರಿಟಿಷರು 1947ರಲ್ಲಿ ಭಾರತವನ್ನು ಬಿಟ್ಟು ಹೋದರು. ಫ್ರೆಂಚರು 1954ರಲ್ಲಿ ಪುದುಚೇರಿಯ ಆಡಳಿತವನ್ನು ಭಾರತಕ್ಕೆ ವಹಿಸಿದರು. ಪೋರ್ಚುಗಲ್ ಮಾತ್ರ ಮಾತುಕತೆಗೆ ಒಪ್ಪಲಿಲ್ಲ. 1951ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದ ಸಲಾಜಾರ್ ಸರ್ಕಾರ ತನ್ನ ವಸಾಹತುಗಳನ್ನು 'ಸಾಗರೋತ್ತರ ಪ್ರಾಂತಗಳು' ಎಂದು ಕರೆಯಿತು. ಗೋವಾ ವಸಾಹತುವಲ್ಲ, ಪೋರ್ಚುಗಲ್‌ನದೇ ಒಂದು ಭಾಗ; ಆದ್ದರಿಂದ ಅದನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ ಎಂಬುದು ಅದರ ವಾದವಾಗಿತ್ತು. ವಿಶ್ವಸಂಸ್ಥೆಯ ಮಹಾಸಭೆ 1960ರ ಡಿಸೆಂಬರ್‌ನಲ್ಲಿ ಈ ವಾದವನ್ನು ತಳ್ಳಿಹಾಕಿ, ಗೋವಾವನ್ನೂ ಒಳಗೊಂಡಂತೆ ಪೋರ್ಚುಗಲ್‌ನ ಅಧೀನ ಪ್ರದೇಶಗಳನ್ನು ಸ್ವಯಮಾಡಳಿತವಿಲ್ಲದ ಪ್ರದೇಶಗಳೆಂದು ಪಟ್ಟಿ ಮಾಡಿತು.

ಗೋವಾದ ಒಳಗೂ ಗಡಿಯಲ್ಲೂ ವಿಮೋಚನೆಯ ಹೋರಾಟ ನಡೆದೇ ಇತ್ತು. 1946ರ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಮಡಗಾಂವ್‌ನಲ್ಲಿ ನಾಗರಿಕ ಹಕ್ಕುಗಳ ಚಳವಳಿಗೆ ಚಾಲನೆ ನೀಡಿದರು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ್ದರಿಂದ ಹಲವರು ಮೃತಪಟ್ಟರು. ಆ ವರ್ಷದ ಸತ್ಯಾಗ್ರಹಗಳಲ್ಲಿ ಪಾಲ್ಗೊಂಡು ಸೆರೆಯಾದವರಲ್ಲಿ ನರಗುಂದದ ಜಗನ್ನಾಥರಾವ್ ಜೋಶಿ ಒಬ್ಬರು. ಇದರ ಬೆನ್ನಲ್ಲೇ ಭಾರತ ಆರ್ಥಿಕ ದಿಗ್ಬಂಧನ ವಿಧಿಸಿತು. ಉತ್ತರ ಕನ್ನಡದ ಕ್ಯಾಸಲ್‌ರಾಕ್ ಮೂಲಕ ಮುರಗಾಂವ್ ಬಂದರಿಗೆ ಹೋಗುತ್ತಿದ್ದ ರೈಲು ಸಂಚಾರ ನಿಂತಿತು. ಅದೇ ನವೆಂಬರ್‌ನಲ್ಲಿ ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಆರಂಭಿಸಿದ ಭೂಗತ ಬಾನುಲಿ ಕೇಂದ್ರ, ಅಂಬೋಲಿ ಮತ್ತು ಕ್ಯಾಸಲ್‌ರಾಕ್ ಕಾಡುಗಳಿಂದ ಕೊಂಕಣಿ ಹಾಗೂ ಪೋರ್ಚುಗೀಸ್ ಭಾಷೆಗಳಲ್ಲಿ ಗೋವಾದ ಜನರಿಗೆ ಸುದ್ದಿ ಬಿತ್ತರಿಸತೊಡಗಿತು.

## ಗವರ್ನರ್ ಜನರಲ್ ಆಗಿ

ವಸ್ಸಾಲೊ ಇ ಸಿಲ್ವಾ 1958ರಲ್ಲಿ ಪಾವ್ಲೊ ಬೆನಾರ್ಡ್ ಗೆಡೆಸ್ ಅವರ ಉತ್ತರಾಧಿಕಾರಿಯಾಗಿ ಗೋವಾಕ್ಕೆ ಬಂದರು. ನಾಗರಿಕ ಆಡಳಿತ ಮತ್ತು ಸೇನೆ ಎರಡರ ಹೊಣೆಯೂ ಅವರದಾಗಿತ್ತು. ಅವರು ಗೋವಾ ವಿಮೋಚನೆಯ ಬೆಂಬಲಿಗರಾಗಿರಲಿಲ್ಲ. ಅವರ ಅಧಿಕಾರಾವಧಿಯಲ್ಲೂ ವಿಮೋಚನಾ ಹೋರಾಟಗಾರರು ಸೆರೆಮನೆಗಳಲ್ಲಿಯೇ ಇದ್ದರು.

1961ನೆಯ ವರ್ಷ ಸಲಾಜಾರ್ ಆಡಳಿತಕ್ಕೆ ಸಂಕಷ್ಟದ ವರ್ಷವಾಯಿತು. ಜನವರಿಯಲ್ಲಿ ಮಾಜಿ ಸೇನಾಧಿಕಾರಿ ಎನ್ರಿಕ್ ಗಲ್ವಾವ್ ನೇತೃತ್ವದ ಗುಂಪು 'ಸಾಂತಾ ಮರಿಯಾ' ಎಂಬ ಪ್ರಯಾಣಿಕರ ಹಡಗನ್ನು ಅಪಹರಿಸಿ, ಸರ್ವಾಧಿಕಾರದ ವಿರುದ್ಧ ಜಗತ್ತಿನ ಗಮನ ಸೆಳೆಯಿತು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಅಂಗೋಲಾದಲ್ಲಿ ಸಶಸ್ತ್ರ ದಂಗೆ ಆರಂಭವಾಯಿತು. ಏಪ್ರಿಲ್‌ನಲ್ಲಿ ರಕ್ಷಣಾ ಸಚಿವ ಜನರಲ್ ಬೊಟೆಲ್ಯೊ ಮೊನಿಜ್ ಅವರೇ ಸಲಾಜಾರ್ ಅವರನ್ನು ಪದಚ್ಯುತಗೊಳಿಸಲು ಯತ್ನಿಸಿ ವಿಫಲರಾದರು. ಆಫ್ರಿಕಾದ ಅಗತ್ಯಗಳಿಗಾಗಿ ಗೋವಾದ ಪಡೆಯನ್ನು ಕಡಿತಗೊಳಿಸಿದ್ದರಿಂದ, ವರ್ಷಾಂತ್ಯಕ್ಕೆ ಅಲ್ಲಿ ಉಳಿದಿದ್ದವರು ಸುಮಾರು 3,500 ಸೈನಿಕರು ಮಾತ್ರ. ಯುದ್ಧ ವಿಮಾನ ಒಂದೂ ಇರಲಿಲ್ಲ. ಸಮುದ್ರ ರಕ್ಷಣೆಗೆ ಇದ್ದ ದೊಡ್ಡ ಯುದ್ಧನೌಕೆಯೆಂದರೆ 1930ರ ದಶಕದ 'ಅಫೊನ್ಸೊ ಡಿ ಅಲ್ಬುಕರ್ಕ್' ಒಂದೇ.

ನವೆಂಬರ್ 17ರಂದು ಅಂಜದೀವ್ ದ್ವೀಪದಿಂದ 'ಸಾಬರಮತಿ' ಎಂಬ ಭಾರತೀಯ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನುಗಾರರೊಬ್ಬರು ಗುಂಡಿಗೆ ಬಲಿಯಾದರು. ಅಂಜದೀವ್ ಕಾರವಾರದ ಕರಾವಳಿಗೆ ಸಮೀಪದಲ್ಲಿದ್ದರೂ ಗೋವಾಕ್ಕೆ ಸೇರಿದ್ದ ದ್ವೀಪ. ಈ ಘಟನೆಗಳ ನಂತರ ಭಾರತ ಸರ್ಕಾರ ಸೇನಾ ಕಾರ್ಯಾಚರಣೆಗೆ ಸಿದ್ಧತೆ ನಡೆಸಿತು.

## ಸಲಾಜಾರ್ ಆಜ್ಞೆ ಮತ್ತು ಅವಿಧೇಯತೆ

ಡಿಸೆಂಬರ್ 14ರಂದು ಸಲಾಜಾರ್ ಗವರ್ನರ್ ಜನರಲ್‌ಗೆ ತಂತಿ ಸಂದೇಶ ಕಳುಹಿಸಿದರು. ಸೇನೆಯ ಸಂಪೂರ್ಣ ಬಲಿದಾನವನ್ನು ಅದು ನಿರೀಕ್ಷಿಸಿತ್ತು. ಕದನ ವಿರಾಮವಾಗಲಿ ಯುದ್ಧ ಕೈದಿಗಳಾಗಲಿ ಇರಕೂಡದು, ಪೋರ್ಚುಗೀಸ್ ಸೈನಿಕರು ಮತ್ತು ನಾವಿಕರು ಗೆಲ್ಲಬೇಕು ಇಲ್ಲವೇ ಸಾಯಬೇಕು ಎಂಬುದು ಅದರ ತಾತ್ಪರ್ಯ. ಕನಿಷ್ಠ 8 ದಿನ ಪ್ರತಿರೋಧ ಒಡ್ಡಿದರೆ ಅಂತರರಾಷ್ಟ್ರೀಯ ಬೆಂಬಲ ಕ್ರೋಡೀಕರಿಸಬಹುದೆಂಬ ಲೆಕ್ಕಾಚಾರ ಲಿಸ್ಬನ್‌ನಲ್ಲಿತ್ತು.

ವಸ್ಸಾಲೊ ಇ ಸಿಲ್ವಾ ಅವರ ಅವಿಧೇಯತೆ ಶರಣಾಗತಿಯ ದಿನ ಥಟ್ಟನೆ ಮೂಡಿದ್ದಲ್ಲ. ಅದಕ್ಕೂ ಮೊದಲಿನ ಮೂರು ನಿರ್ಧಾರಗಳಲ್ಲಿ ಅದನ್ನು ಕಾಣಬಹುದು:

* ನಾಗರಿಕರ ತೆರವು: ಡಿಸೆಂಬರ್ 9ರಂದು 'ಇಂಡಿಯಾ' ಎಂಬ ಹಡಗು ಲಿಸ್ಬನ್‌ಗೆ ಹೋಗುವ ಮಾರ್ಗದಲ್ಲಿ ಮುರಗಾಂವ್ ತಲುಪಿತು. ಯಾರನ್ನೂ ಹತ್ತಿಸಬಾರದೆಂಬ ಸೂಚನೆಯಿದ್ದರೂ ಅವರು ಸುಮಾರು 700 ಐರೋಪ್ಯ ಮೂಲದ ನಾಗರಿಕರಿಗೆ ಹೊರಡಲು ಅನುಮತಿ ನೀಡಿದರು. ಹಡಗಿನ ಸಾಮರ್ಥ್ಯ ಇದರ ಸುಮಾರು ಅರ್ಧದಷ್ಟಿತ್ತು.
* ಕಟ್ಟಡಗಳ ರಕ್ಷಣೆ: ಸೇನೆಗೆ ಸಂಬಂಧಿಸದ ಪೋರ್ಚುಗೀಸ್ ಕಟ್ಟಡಗಳನ್ನೂ ನಾಶಪಡಿಸಬೇಕೆಂಬ ಆದೇಶವನ್ನು ಅವರು ಜಾರಿಗೊಳಿಸಲಿಲ್ಲ.
* ಸಂತನ ಅವಶೇಷ: ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಅವಶೇಷಗಳನ್ನು ಪೋರ್ಚುಗಲ್‌ಗೆ ಸಾಗಿಸುವ ಸೂಚನೆಯನ್ನೂ ಅವರು ತಳ್ಳಿಹಾಕಿದರು.

ಮದ್ದುಗುಂಡಿನ ಕೊರತೆಯ ಕುರಿತು ಒಂದು ಪ್ರಸಂಗ ಪೋರ್ಚುಗಲ್‌ನಲ್ಲಿ ಈಗಲೂ ಪ್ರಚಲಿತವಾಗಿದೆ. ಟ್ಯಾಂಕ್ ನಿರೋಧಕ ಗ್ರೆನೇಡ್‌ಗಳಿಗೆ ಸಂಕೇತವಾಗಿ 'ಶೊರಿಸೊ' (ಹಂದಿಮಾಂಸದ ಸಾಸೇಜ್) ಎಂಬ ಪದ ಬಳಸಿ ಗೋವಾ ಬೇಡಿಕೆ ಸಲ್ಲಿಸಿದರೆ, ಸಂಕೇತವನ್ನು ತಿಳಿಯದ ಲಿಸ್ಬನ್ ನಿಜವಾದ ಸಾಸೇಜ್‌ಗಳನ್ನೇ ಕಳುಹಿಸಿತೆಂದು ಹೇಳಲಾಗುತ್ತದೆ.

## ಆಪರೇಷನ್ ವಿಜಯ್

ಭಾರತದ ಕಾರ್ಯಾಚರಣೆ ಡಿಸೆಂಬರ್ 17–18ರ ನಡುರಾತ್ರಿ ಆರಂಭವಾಯಿತು. ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ನೇತೃತ್ವದ 17ನೇ ಪದಾತಿ ಡಿವಿಷನ್ ಮತ್ತು 50ನೇ ಪ್ಯಾರಾ ಬ್ರಿಗೇಡ್ ಇದರಲ್ಲಿ ಭಾಗವಹಿಸಿದವು. ಪ್ಯಾರಾ ಬ್ರಿಗೇಡ್ ಉತ್ತರದಿಂದ ಬಂದರೆ, 63ನೇ ಬ್ರಿಗೇಡ್ ಇಂದಿನ ಜೋಯಿಡಾ ತಾಲೂಕಿನ ಅನಮೋಡ ಘಟ್ಟವನ್ನಿಳಿದು ಮೊಲ್ಲೆಮ್ ಮಾರ್ಗವಾಗಿ ಫೋಂಡಾದತ್ತ ಸಾಗಿತು. ದಕ್ಷಿಣದಲ್ಲಿ ಎದುರಾಳಿಯ ಗಮನ ಬೇರೆಡೆ ಸೆಳೆಯಲು ಕಾರವಾರ ಸಮೀಪದ ಮಾಜಾಳಿಯಿಂದ ಕಾಣಕೋಣದತ್ತ ಒಂದು ತುಕಡಿ ಮುನ್ನುಗ್ಗಿತು. ದಾಬೋಲಿಮ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ಕ್ಯಾನ್ಬೆರಾ ವಿಮಾನಗಳು ಬಾಂಬ್ ಹಾಕಿದವು. ಹಂಟರ್ ವಿಮಾನಗಳು ಬಾಂಬೋಲಿಮ್ ನಿಸ್ತಂತು ಕೇಂದ್ರವನ್ನು ನಾಶಪಡಿಸಿದವು. ಇದರಿಂದ ಗವರ್ನರ್‌ಗೆ ಹೊರಜಗತ್ತಿನೊಂದಿಗಿದ್ದ ಸಂಪರ್ಕ ಬಹುಪಾಲು ಕಡಿದುಹೋಯಿತು.

ಮುರಗಾಂವ್ ಬಂದರಿನಲ್ಲಿ 'ಅಫೊನ್ಸೊ ಡಿ ಅಲ್ಬುಕರ್ಕ್' ನೌಕೆ ಭಾರತದ ಐಎನ್‌ಎಸ್ ಬೇತ್ವಾ ಮತ್ತು ಐಎನ್‌ಎಸ್ ಬಿಯಾಸ್ ನೌಕೆಗಳೊಂದಿಗೆ ಕಾದಾಡಿ ಹಾನಿಗೊಂಡು ದಡ ಸೇರಿತು. ಅಂಜದೀವ್ ದ್ವೀಪಕ್ಕೆ ಐಎನ್‌ಎಸ್ ತ್ರಿಶೂಲ್ ನೌಕೆಯ ನಾವಿಕರು ಇಳಿದಾಗ ನಡೆದ ಕಾಳಗದಲ್ಲಿ 7 ಭಾರತೀಯ ನಾವಿಕರು ಹುತಾತ್ಮರಾದರು. ಈ ಪ್ರತಿರೋಧಗಳನ್ನು ಬಿಟ್ಟರೆ, ಸೇತುವೆಗಳನ್ನು ಒಡೆಯುತ್ತ ಹಿಂದೆ ಸರಿಯುವುದೇ ಪೋರ್ಚುಗೀಸ್ ಪಡೆಯ ಕ್ರಮವಾಗಿತ್ತು.

## ಶರಣಾಗತಿ

ಡಿಸೆಂಬರ್ 19ರ ಬೆಳಿಗ್ಗೆ ಭಾರತೀಯ ಪಡೆಗಳು ಪಣಜಿಯನ್ನು ಪ್ರವೇಶಿಸಿದವು. ವಸ್ಸಾಲೊ ಇ ಸಿಲ್ವಾ ಉಳಿದ ಪಡೆಯೊಂದಿಗೆ ವಾಸ್ಕೊ ಡ ಗಾಮಾ ನಗರದಲ್ಲಿದ್ದರು. ಹಿಂದೆ ಸಮುದ್ರ, ಮುಂದೆ ಮುನ್ನುಗ್ಗುತ್ತಿದ್ದ ಸೇನೆ. ಹೋರಾಟ ಮುಂದುವರಿಸಿದರೆ ಜನವಸತಿಯ ನಡುವೆಯೇ ಯುದ್ಧ ನಡೆಯಬೇಕಿತ್ತು. ಅಂದು ರಾತ್ರಿ 8.30ಕ್ಕೆ ಅವರು ಬೇಷರತ್ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು. ಭಾರತದ ಪರವಾಗಿ ಬ್ರಿಗೇಡಿಯರ್ ಕೆ. ಎಸ್. ಧಿಲ್ಲೋನ್ ಶರಣಾಗತಿಯನ್ನು ಸ್ವೀಕರಿಸಿದರು. ಆ ವಿಧಿ ನಡೆದದ್ದು ಕಾರಿನ ದೀಪಗಳ ಬೆಳಕಿನಲ್ಲಿ.

ಸುಮಾರು 40 ಗಂಟೆಗಳ ಕಾರ್ಯಾಚರಣೆಯಲ್ಲಿ ಭಾರತದ 22 ಮಂದಿ ಹಾಗೂ ಪೋರ್ಚುಗಲ್‌ನ ಸುಮಾರು 30 ಮಂದಿ ಮೃತಪಟ್ಟರು. ಸೈನಿಕರು ಮತ್ತು ನಾಗರಿಕ ಸಿಬ್ಬಂದಿ ಸೇರಿ 4,668 ಮಂದಿ ಸೆರೆಸಿಕ್ಕರು. ಸಲಾಜಾರ್ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದರೆ ಬದುಕಿ ಉಳಿಯುತ್ತಿರಲಿಲ್ಲವಾದ ಸೈನಿಕರು ಈ ಸಂಖ್ಯೆಯಲ್ಲಿಯೇ ಇದ್ದರು.

## ಸೆರೆ, ಶಿಕ್ಷೆ ಮತ್ತು ಪುನಃಸ್ಥಾಪನೆ

ಗವರ್ನರ್ ಮತ್ತು ಅವರ ಸೈನಿಕರು ಗೋವಾದ ಶಿಬಿರಗಳಲ್ಲಿ ಯುದ್ಧ ಕೈದಿಗಳಾಗಿದ್ದು, 1962ರ ಮೇ ತಿಂಗಳಲ್ಲಿ ಕರಾಚಿಯ ಮೂಲಕ ಸ್ವದೇಶಕ್ಕೆ ಮರಳಿದರು. ಲಿಸ್ಬನ್‌ನಲ್ಲಿ ಅವರನ್ನು ಎದುರುಗೊಂಡದ್ದು ಬಂದೂಕು ಹಿಡಿದ ಮಿಲಿಟರಿ ಪೊಲೀಸರು. ಕುಟುಂಬದವರನ್ನು ತಕ್ಷಣ ಭೇಟಿಯಾಗಲು ಅವಕಾಶ ಸಿಗಲಿಲ್ಲ.

1963ರ ಮಾರ್ಚ್ 22ರಂದು ಮಂತ್ರಿಮಂಡಲವು ಹೇಡಿತನದ ಆರೋಪ ಹೊರಿಸಿ ವಸ್ಸಾಲೊ ಇ ಸಿಲ್ವಾ ಅವರನ್ನೂ ಇತರ ಹಲವು ಅಧಿಕಾರಿಗಳನ್ನೂ ಸೇನೆಯಿಂದ ವಜಾ ಮಾಡಿತು. ಇನ್ನು ಕೆಲವರನ್ನು ಅಮಾನತಿನಲ್ಲಿಡಲಾಯಿತು. ಆಫ್ರಿಕಾದಲ್ಲಿ ಯುದ್ಧ ನಡೆಯುತ್ತಿದ್ದ ಆ ಸಮಯದಲ್ಲಿ, ಈ ಶಿಕ್ಷೆ ಇತರ ಅಧಿಕಾರಿಗಳಿಗೂ ಎಚ್ಚರಿಕೆಯಂತಿತ್ತು.

ಆದರೆ ಆಫ್ರಿಕಾದ ಯುದ್ಧಗಳಿಂದ ಬೇಸತ್ತ ಸೇನಾಧಿಕಾರಿಗಳೇ 1974ರ ಏಪ್ರಿಲ್ 25ರಂದು 'ಕಾರ್ನೇಷನ್ ಕ್ರಾಂತಿ'ಯ ಮೂಲಕ ಆ ಸರ್ವಾಧಿಕಾರವನ್ನು ಕೊನೆಗೊಳಿಸಿದರು. ಹೊಸ ಸರ್ಕಾರ ವಸ್ಸಾಲೊ ಇ ಸಿಲ್ವಾ ಅವರಿಗೆ ಸೇನಾ ಸ್ಥಾನಮಾನವನ್ನು ಮರಳಿ ನೀಡಿತು. ಅದೇ ವರ್ಷದ ಡಿಸೆಂಬರ್ 31ರಂದು ಸಹಿಯಾದ ಒಪ್ಪಂದದಲ್ಲಿ ಪೋರ್ಚುಗಲ್ ಗೋವಾದ ಮೇಲಿನ ಭಾರತದ ಸಾರ್ವಭೌಮತ್ವವನ್ನು ಮಾನ್ಯ ಮಾಡಿತು. ಮುಂದೆ ಅವರು ಗೋವಾಕ್ಕೆ ಭೇಟಿ ನೀಡಿದಾಗ ಅಲ್ಲಿ ಆದರದ ಸ್ವಾಗತ ದೊರೆಯಿತು. 1985ರಲ್ಲಿ ಲಿಸ್ಬನ್‌ನಲ್ಲಿ ನಿಧನರಾದರು.

## ಮೌಲ್ಯಮಾಪನ

ವಸ್ಸಾಲೊ ಇ ಸಿಲ್ವಾ ಅವರನ್ನು ವಸಾಹತುಶಾಹಿ ವಿರೋಧಿ ಎಂದು ಕರೆಯುವುದು ಸರಿಯಾಗದು. ಗಲ್ವಾವ್ ಅವರಂತೆ ಸರ್ವಾಧಿಕಾರದ ವಿರುದ್ಧ ಅವರು ದಂಗೆಯೇಳಲಿಲ್ಲ. ಬೊಟೆಲ್ಯೊ ಮೊನಿಜ್ ಅವರಂತೆ ಅಧಿಕಾರ ಬದಲಾವಣೆಗೂ ಯತ್ನಿಸಲಿಲ್ಲ. ಗೋವಾದಲ್ಲಿ ಪೋರ್ಚುಗೀಸರು ಕಟ್ಟಿದ್ದನ್ನು ಅವರು ಗೌರವಿಸುತ್ತಿದ್ದರು. ಅದನ್ನು ಕೆಡವಲು ಒಪ್ಪದಿರುವುದಕ್ಕೆ ಆ ಗೌರವವೂ ಕಾರಣವಾಗಿತ್ತು. ಸೋಲು ಖಚಿತವಾದ ಮೇಲೂ ಕೇವಲ ಪ್ರತಿಷ್ಠೆಗಾಗಿ ಸಾವಿರಾರು ಜೀವಗಳನ್ನು ತೆರಬೇಕೆಂಬ ಆಜ್ಞೆಯನ್ನು ಮಾತ್ರ ಅವರು ನಿರಾಕರಿಸಿದರು. ಸೈನಿಕನ ಮೊದಲ ಕರ್ತವ್ಯ ವಿಧೇಯತೆ ಎಂದು ಅವರ ಟೀಕಾಕಾರರು ವಾದಿಸಿದರೆ, ತನ್ನ ಅಧೀನದಲ್ಲಿರುವವರ ಜೀವಕ್ಕೆ ಅಧಿಕಾರಿಯೇ ಹೊಣೆ ಎಂಬುದು ಸಮರ್ಥಕರ ನಿಲುವು.

ಶರಣಾಗತಿಯ ದಿನವಾದ ಡಿಸೆಂಬರ್ 19ನ್ನು ಗೋವಾದಲ್ಲಿ ಪ್ರತಿವರ್ಷ ವಿಮೋಚನಾ ದಿನವಾಗಿ ಆಚರಿಸಲಾಗುತ್ತದೆ. ಅಂಜದೀವ್‌ನಲ್ಲಿ ಮಡಿದ ನಾವಿಕರ ಸ್ಮಾರಕ ಆ ದ್ವೀಪದಲ್ಲಿದ್ದು, ಅದು ಇಂದು ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯ ಭಾಗವಾಗಿದೆ.