94 ಸೆಂ.ಮೀ. ಎತ್ತರದ ನೀರಾಟ

ಟಿಕೆಟ್ ಕೌಂಟರಿನ ಪಕ್ಕದಲ್ಲಿ ಹಲಗೆಯ ಜಿರಾಫೆಯೊಂದು ನಿಂತಿತ್ತು. ಅದರ ಕತ್ತಿನುದ್ದಕ್ಕೂ ಸೆಂಟಿಮೀಟರಿನ ಗೆರೆಗಳು. ಒಳಗಿದ್ದ ಹುಡುಗ ಮಗಳ ವಯಸ್ಸು ಕೇಳಲೇ ಇಲ್ಲ. "ಪಾಪುನ ಅಲ್ಲಿ ನಿಲ್ಸಿ ಸಾರ್, ಚಪ್ಪಲಿ ಬಿಚ್ಸಿ" ಅಂದ. 94 ಬಂತು. ಮೂರು ವರ್ಷ ತುಂಬಿ ಎರಡು ತಿಂಗಳಾದ ನಮ್ಮ ಹುಡುಗಿ, ಇಷ್ಟು ದಿನ ಕುಡಿದ ಹಾಲಿಗೆಲ್ಲ ಇವತ್ತು ಲೆಕ್ಕ ಸಿಗುತ್ತದೆ ಎಂಬಂತೆ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ಅವಳ ಹಿಂದಿದ್ದ ಹುಡುಗನ ಅಪ್ಪ ಮಾತ್ರ ಮಗನ ತಲೆ ಮೇಲೆ ಕೈಯಿಟ್ಟು "ಸ್ವಲ್ಪ ಮಂಡಿ ಬಗ್ಗಿಸೋ" ಎಂದು ಪಿಸುಗುಡುತ್ತಿದ್ದರು. ಟಿಕೆಟಿನ ಹತ್ತಿರ ಕುಳ್ಳನಾಗಬೇಕು, ಒಳಗೆ ಹೋದಮೇಲೆ ಜಾರುಬಂಡೆಯ ಹತ್ತಿರ ಅದೇ ಹುಡುಗ ತುದಿಗಾಲಲ್ಲಿ ನಿಲ್ಲಬೇಕು.

ಪಾರ್ಕಿನ ಹೆಸರು ಬೇಡ. ಚಿಕ್ಕ ಮಗುವಿನ ಜೊತೆ ಹೋದವರಿಗೆ ಎಲ್ಲ ಕಡೆಯೂ ಕತೆ ಹೆಚ್ಚುಕಮ್ಮಿ ಇದೇ.

ನೀರಾಟ ನಮಗೇನು ಹೊಸದಲ್ಲ. ಹಳಗನ್ನಡದ ಚಂಪೂ ಕವಿಗಳಿಗೆ ಹದಿನೆಂಟು ವರ್ಣನೆಗಳಲ್ಲಿ ಜಲಕೇಳಿಯೂ ಒಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ಆಟಗಳ ನಡುವೆ ನೀರಾಟಕ್ಕೂ ಜಾಗವಿದೆ. ಟಿಕೆಟ್ಟು, ಲಾಕರು, ಪ್ಲಾಸ್ಟಿಕ್ ಕೊಳವೆಗಳ ನೀರಾಟ ಮಾತ್ರ ಈಚಿನದು. ಅಮೆರಿಕದ ಆರ್ಲಾಂಡೊದಲ್ಲಿ ಜಾರ್ಜ್ ಮಿಲ್ಲೆ ಎಂಬಾತ 1977ರಲ್ಲಿ 'ವೆಟ್ ಎನ್ ವೈಲ್ಡ್' ತೆರೆದ ಮೇಲೆ ಅದಕ್ಕೊಂದು ರೂಪ ಬಂತು. ನಮ್ಮ ಕಡೆಗೆ ಅದರ ಗಾಳಿ ಬೀಸಿದ್ದು ಕೇರಳದಿಂದ. ವೋಲ್ಟೇಜ್ ಸ್ಟೆಬಿಲೈಜರ್ ಮಾಡುತ್ತಿದ್ದ ವಿ-ಗಾರ್ಡ್‌ನವರು 2000ದಲ್ಲಿ ಕೊಚ್ಚಿಯಲ್ಲಿ 'ವೀಗಾಲ್ಯಾಂಡ್' ಶುರು ಮಾಡಿದರು; 2005ರಲ್ಲಿ ಬಿಡದಿಯ ಹತ್ತಿರ 'ವಂಡರ್‌ಲಾ' ಬಂತು. ಮೈಸೂರು ರಸ್ತೆಯಲ್ಲಿ ತಟ್ಟೆ ಇಡ್ಲಿಗೆ ಇಳಿಯುತ್ತಿದ್ದ ಊರಿಗೆ ಆಮೇಲೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿದವು.

ಆದರೆ ಈ ಪಾರ್ಕುಗಳ ಜಾಹೀರಾತಿನಲ್ಲಿ ಕಾಣುವ ಯಾವುದೂ 94 ಸೆಂ.ಮೀ. ಮನುಷ್ಯರಿಗಲ್ಲ. ದೊಡ್ಡ ಜಾರುಬಂಡೆಗಳ ಬುಡದಲ್ಲೆಲ್ಲ 120, 140 ಎಂಬ ಫಲಕ. "ನಮ್ಮ ಮಗು ತುಂಬ ಧೈರ್ಯಸ್ಥೆ, ಬಿಡಿ ಸಾರ್" ಎಂದು ಕಾವಲು ಹುಡುಗನ ಜೊತೆ ವಾದಿಸುವ ಅಪ್ಪಂದಿರನ್ನು ನೋಡಿದೆ. ಕೊಳವೆಗೆ ಧೈರ್ಯ ಕಟ್ಟಿಕೊಂಡು ಏನಾಗಬೇಕು? ಅದರ ತಿರುವು, ಇಳಿಜಾರು, ನೀರಿನ ರಭಸ ಎಲ್ಲವೂ ಒಂದು ಅಂದಾಜಿನ ಮೈಭಾರ, ಮೈಯುದ್ದಕ್ಕೆ ಹೊಂದಿಸಿದ್ದು. ತೀರಾ ಹಗುರದ ಮಗು ನಡುವೆಯೇ ನಿಂತುಬಿಡಬಹುದು, ಹಿಂದಿನವರು ಬಂದು ಗುದ್ದಬಹುದು. ಕೆಳಗಿಳಿದರೂ ಅಲ್ಲಿನ ಕೊಳ ಅದರ ಕತ್ತಿನವರೆಗೆ ಬರಬಹುದು. ಇನ್ನೊಂದು ಮಾತೂ ಇದೆ. ಮೂರರ ಮಗುವಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಮುಗ್ಗರಿಸಿದರೆ ತಲೆಯೇ ಮೊದಲು ನೀರಿಗೆ ಹೋಗುತ್ತದೆ, ಅದನ್ನು ಮೇಲಕ್ಕೆತ್ತುವ ಬಲ ತೋಳಿನಲ್ಲಿ ಇರುವುದಿಲ್ಲ. ಅರ್ಧ ಬಕೆಟ್ ನೀರನ್ನೂ ಬಚ್ಚಲಲ್ಲಿ ಬಿಟ್ಟಿರಬೇಡ ಎಂದು ಹಿರಿಯರು ಗದರುತ್ತಿದ್ದುದು ಇದಕ್ಕೇ.

ಮೊದಲ ಪೇಚಾಟ ಬಟ್ಟೆಯದು. ಅಜ್ಜಿ ಪ್ರೀತಿಯಿಂದ ತುಂಬಿಕೊಟ್ಟಿದ್ದ ಹತ್ತಿಯ ಫ್ರಾಕು ಬಾಗಿಲಲ್ಲೇ ತಿರಸ್ಕೃತವಾಯಿತು. ನೈಲಾನ್ ಮಾತ್ರ. ವ್ಯಾಪಾರದ ಉಪಾಯ ಇರಬೇಕು ಎಂದು ಗೊಣಗಿದೆ. ಪಕ್ಕದಲ್ಲೇ ಅದನ್ನು ಮಾರುವ ಅಂಗಡಿಯೂ ಇತ್ತಲ್ಲ. ಗೊಣಗಾಟದಲ್ಲಿ ಅರ್ಧ ಸತ್ಯ. ಹತ್ತಿ ನೀರು ಹೀರಿ ಭಾರವಾಗುತ್ತದೆ, ಅದರ ನೂಲಿನ ಜುಂಗು ಬಿಟ್ಟುಕೊಂಡು ಶೋಧಕಕ್ಕೆ ಸಿಕ್ಕಿಕೊಳ್ಳುತ್ತದೆ, ಒದ್ದೆಯಾದ ಮೇಲೆ ಮೈಯ ಕಾವನ್ನೂ ಕಿತ್ತುಕೊಳ್ಳುತ್ತದೆ. ಆದರೂ ಆ ಪುಟಾಣಿ ಚಡ್ಡಿಗೆ ಅವರು ಹೇಳಿದ ಬೆಲೆ ಕೇಳಿ ಹೆಂಡತಿ "ರೀ, ಇದರಲ್ಲಿ ನನಗೊಂದು ಸೀರೆ ಬರ್ತಿತ್ತು" ಅಂದಳು.

ನಮ್ಮ ಪಾಲಿನ ಪಾರ್ಕು ಒಂದು ಮೂಲೆಯಲ್ಲಿತ್ತು. ಪಾದ ಮುಳುಗುವಷ್ಟು ನೀರು, ಸಿಮೆಂಟಿನ ಆಮೆ, ಹೊಟ್ಟೆಯಿಂದ ನೀರು ಚಿಮ್ಮಿಸುವ ಆನೆ, ಮೂರು ಮೆಟ್ಟಿಲಿನ ಜಾರುಬಂಡೆ. ಎಲ್ಲಕ್ಕೂ ಮೇಲೆ ಕಂಬದ ತುದಿಯಲ್ಲಿ ಒಂದು ಹಳದಿ ಬಕೆಟ್ಟು, ಮದುವೆಮನೆಯ ಹಂಡೆಗಿಂತ ದೊಡ್ಡದು. ನಲ್ಲಿಯಿಂದ ನೀರು ಬೀಳುತ್ತ ಬೀಳುತ್ತ ಅದು ತುಂಬುತ್ತದೆ. ತುಂಬಿದಂತೆ ಭಾರ ತಿರುಗಣಿಗಿಂತ ಮೇಲಕ್ಕೆ ಸರಿಯುತ್ತದೆ. ಒಂದು ಗಳಿಗೆಯಲ್ಲಿ ತನ್ನಷ್ಟಕ್ಕೆ ಮಗುಚಿಕೊಳ್ಳುತ್ತದೆ. ಮೋಟಾರಿಲ್ಲ, ಗುಂಡಿ ಒತ್ತುವವರಿಲ್ಲ. ಖಾಲಿಯಾದ ಕೂಡಲೇ ಮತ್ತೆ ನೆಟ್ಟಗೆ ನಿಂತು, ಏನೂ ಆಗಿಲ್ಲವೆಂಬಂತೆ ತುಂಬಿಸಿಕೊಳ್ಳಲು ಶುರು.

ಮಗಳಿಗೆ ಜಾರುಬಂಡೆ ಬೇಡವಾಯಿತು, ಆಮೆ ಬೇಡವಾಯಿತು. ಬಕೆಟ್ಟಿನ ಕೆಳಗಲ್ಲ, ಅದರಿಂದ ಹತ್ತು ಹೆಜ್ಜೆ ದೂರ, ಕೊನೆಯ ಹನಿ ಮುಖಕ್ಕೆ ತಾಕುವ ಜಾಗದಲ್ಲಿ ನಿಂತಳು. ಬಕೆಟ್ಟು ಸ್ವಲ್ಪ ಓಲಾಡಿದರೆ ಉಸಿರು ಬಿಗಿಹಿಡಿಯುವುದು, ಬಿದ್ದಾಗ ಕಿರುಚಿ ನನ್ನ ಕಾಲಿಗೆ ಅಪ್ಪಿಕೊಳ್ಳುವುದು, ಮತ್ತೆ ಹೋಗಿ ಅದೇ ಜಾಗದಲ್ಲಿ ನಿಲ್ಲುವುದು. ನಾನು ಎಣಿಸಿದಂತೆ ಇಪ್ಪತ್ಮೂರು ಸಲ. ಹನ್ನೊಂದನೆಯ ಸಲಕ್ಕೆ ನನಗೆ ಬೇಸರ ಬಂದಿತ್ತು. ಹದಿನೈದಕ್ಕೆ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ.

ಇಲ್ಲಿ ಅಪ್ಪ ಅಮ್ಮಂದಿರಿಗೆ ಕೆಲಸವೇ ಇಲ್ಲ ಎನಿಸುತ್ತದೆ. ಸುತ್ತ ಕಟ್ಟೆಯ ಮೇಲೆ ಕೂತವರೆಲ್ಲ ಪ್ಲಾಸ್ಟಿಕ್ ಚೀಲದೊಳಗಿನ ಮೊಬೈಲಿಗೆ ತಲೆಬಾಗಿಸಿದ್ದರು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸಿದಂತೆ ಕೈ ಬೀಸಿ ಕೂಗಿಕೊಳ್ಳುವುದಿಲ್ಲ. ಉಸಿರಿಗೇ ಪರದಾಡುವಾಗ ಕೂಗು ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನವರು. ಅದರಲ್ಲಿ ಬಹುಪಾಲು ಕೆರೆ, ಬಾವಿ, ಹೊಂಡಗಳ ಕತೆಯೇ ಹೊರತು ಪಾರ್ಕಿನದಲ್ಲ. ಆದರೆ ಗಾಳಿ ತುಂಬಿದ ತೋಳುಪಟ್ಟಿ ಕಟ್ಟಿಬಿಟ್ಟು ಕಾಫಿಗೆ ಹೋಗುವ ಧೈರ್ಯ ಎಲ್ಲಿಯೂ ಒಳ್ಳೆಯದಲ್ಲ. ಅದು ಆಟಿಕೆ; ಜಾರಿದರೂ ಜಾರಿತು, ತೂತಾದರೂ ಆಯಿತು. ಸೀಟಿ ಹಿಡಿದ ಕಾವಲು ಹುಡುಗನಿಗೆ ನೂರು ಮಕ್ಕಳು, ನನಗೆ ಒಂದೇ. ಚಾಚಿದರೆ ಕೈಗೆ ಸಿಗುವಷ್ಟು ದೂರ, ಅದಕ್ಕಿಂತ ಆಚೆ ಬೇಡ ಎಂದು ನಾವಿಬ್ಬರೂ ಪಾಳಿ ಹಾಕಿಕೊಂಡೆವು. ಹೆಂಡತಿ ತನ್ನ ಪಾಳಿ ಮುಗಿಸಿ ದೊಡ್ಡ ಕೊಳವೆಗೆ ಹೋಗಿ, ಕೆನ್ನೆ ಕೆಂಪಗೆ ಮಾಡಿಕೊಂಡು ಹಿಂತಿರುಗಿ, "ಇನ್ನೊಂದ್ಸಲ ಹೋಗ್ಬರ್ಲಾ?" ಎಂದು ಮಗಳನ್ನಲ್ಲ, ನನ್ನನ್ನು ಕೇಳಿದಳು.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಚಿಕ್ಕವರ ಕೊಳದಲ್ಲಿ ಉಚ್ಚೆ ಇದ್ದೇ ಇರುತ್ತದೆ. ಕಣ್ಣು ಉರಿಸುವ ಆ ಕಟುವಾಸನೆಯನ್ನು ಕ್ಲೋರಿನ್ ಜಾಸ್ತಿಯಾದ ಗುರುತು ಎಂದುಕೊಳ್ಳುತ್ತೇವೆ. ನಿಜಕ್ಕೂ ಅದು ಕ್ಲೋರಿನ್ನು ಬೆವರು, ಉಚ್ಚೆಗಳ ಜೊತೆ ಸೇರಿ ಹುಟ್ಟುವ ಕ್ಲೋರಮೈನ್‌ಗಳ ವಾಸನೆ. ಅಂದರೆ ಕ್ಲೋರಿನ್ ಆಗಲೇ ಸವೆಯುತ್ತಿದೆ ಎಂದು ಅರ್ಥ. ಸರಿಯಾಗಿ ನೋಡಿಕೊಂಡ ಕೊಳದಲ್ಲಿ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಕ್ಲೋರಿನ್ ಬಿಡಿಯಾಗಿ ಉಳಿದಿರಬೇಕು. ಅಷ್ಟಿದ್ದರೂ ಕ್ರಿಪ್ಟೊಸ್ಪೊರಿಡಿಯಂ ಎಂಬ ಹೊಟ್ಟೆಕೆಡಿಸುವ ಸೂಕ್ಷ್ಮಜೀವಿ ವಾರಕ್ಕೂ ಹೆಚ್ಚು ಕಾಲ ಬದುಕಿರಬಲ್ಲದು. ಹಾಗಾಗಿ ಭೇದಿಯಾಗುತ್ತಿರುವ ಮಗುವನ್ನು 'ಮುಂಗಡ ಟಿಕೆಟ್ ತಗೊಂಡಿದೀವಲ್ಲ' ಎಂದು ಕರೆತರುವುದು ಉಳಿದ ಮಕ್ಕಳಿಗೆ ಮಾಡುವ ದ್ರೋಹ. ಇಷ್ಟೆಲ್ಲ ತಿಳಿದ ನಾನು ಗಂಟೆಗೊಮ್ಮೆ ಮಗಳನ್ನು ಶೌಚಾಲಯಕ್ಕೆ ಹೊತ್ತುಕೊಂಡು ಹೋದೆ. ಎರಡು ಸಲ "ಬರ್ತಿಲ್ಲ" ಅಂದಳು. ಮೂರನೆಯ ಸಲ, ಹಿಂತಿರುಗಿ ನೀರಿಗಿಳಿದ ಅರೆನಿಮಿಷದಲ್ಲಿ ಮುಖ ಪ್ರಶಾಂತವಾಯಿತು. ನಾನು ಆಮೆಯ ಕಡೆ ನೋಡಿದೆ.

ಮಧ್ಯಾಹ್ನ ಅಲೆಯ ಕೊಳ. ಗೋಡೆಯ ಹಿಂದಿನ ಕೋಣೆಗಳಿಗೆ ದೊಡ್ಡ ಫ್ಯಾನುಗಳು ಗಾಳಿ ತುಂಬುತ್ತವೆ, ಗಾಳಿ ಅಲ್ಲಿನ ನೀರನ್ನು ಕೆಳಕ್ಕೆ ಒತ್ತುತ್ತದೆ, ಆ ನೀರು ಗೋಡೆಯಡಿಯಿಂದ ನುಗ್ಗಿ ಅಲೆಯಾಗುತ್ತದೆ. ಸೈರನ್ ಕೂಗಿ, ಕನ್ನಡ ಹಾಡು ಮೊಳಗಿ, ಸಾವಿರ ಜನ ಒಟ್ಟಿಗೆ ಹೋ ಎಂದದ್ದೇ ಮಗಳು ನನ್ನ ಕುತ್ತಿಗೆ ಬಿಗಿದು "ಮನೆಗ್ ಹೋಗಣ" ಎಂದಳು. ಅಂಚಿನಲ್ಲೇ ತಿರುಗಿ ಬಂದೆವು.

ಅಷ್ಟರಲ್ಲಿ ಅವಳ ತುಟಿ ನೇರಳೆಗೆ ತಿರುಗಿತ್ತು. ಹೊರಗೆ ರಣಬಿಸಿಲು, ಆದರೂ ದವಡೆ ಕಟಕಟ. ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಮೈಯ ಕಾವು ನಮಗಿಂತ ಬೇಗ ಸೋರಿಹೋಗುತ್ತದೆ. ನಮಗೆ ಹಿತವೆನಿಸುವ ನೀರು ಅವರಿಗೆ ಅರ್ಧ ಗಂಟೆಯಲ್ಲೇ ಚಳಿ. ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರಾನ್ನ ತಿನ್ನಿಸುವಾಗ ಅವಳು ತನ್ನ ಬೆರಳನ್ನು ನೋಡಿ ಗಾಬರಿಯಾದಳು. "ಅಪ್ಪಾ, ಅಜ್ಜಿ ಕೈ ಬಂದ್ಬಿಟ್ಟಿದೆ!" ಚರ್ಮ ನೀರು ಕುಡಿದು ಉಬ್ಬುತ್ತದೆ ಎಂದೇ ನಾನೂ ತಿಳಿದಿದ್ದೆ. ನರ ತುಂಡಾದ ಬೆರಳನ್ನು ಎಷ್ಟು ಹೊತ್ತು ನೆನೆಸಿದರೂ ಸುಕ್ಕುಗಟ್ಟುವುದಿಲ್ಲ ಎಂಬುದನ್ನು ವೈದ್ಯರು 1930ರ ದಶಕದಲ್ಲೇ ಗಮನಿಸಿದ್ದರು. ನರಗಳ ಆಣತಿಯಂತೆ ಒಳಗಿನ ರಕ್ತನಾಳ ಕುಗ್ಗುವುದರಿಂದ ಮೇಲಿನ ಚರ್ಮ ಮಡಿಚಿಕೊಳ್ಳುತ್ತದೆ. ಇದನ್ನು ಮೂರು ವರ್ಷದವಳಿಗೆ ಹೇಳುವುದು ಹೇಗೆ? "ಹೌದು, ಅಜ್ಜಿದೇ. ಸಂಜೆ ವಾಪಸ್ ಕೊಡ್ಬೇಕು" ಅಂದೆ.

ಬಸ್ಸು ಹೊರಡುವ ಮೊದಲೇ ನಿದ್ದೆ ಹೋದಳು. ಮನೆ ತಲುಪಿದಾಗ ಏಳು ಗಂಟೆ. ಅಮ್ಮ ಮೊದಲು ಮೊಮ್ಮಗಳ ನೆತ್ತಿ ಮುಟ್ಟಿ, ನನ್ನ ಕಡೆ ಒಂದು ನೋಟ ಎಸೆದು, ಒಳಗಿಂದ ಮೆಣಸಿನ ಸಾರು ತಂದರು.

"ಏನೇನ್ ನೋಡ್ದೆ ಪುಟ್ಟಿ?"

"ಬಕೆಟ್ ಬಿತ್ತು."

"ಅಯ್ಯೋ! ಯಾರ್ ಮೇಲೆ?"

"ಎಲ್ಲಾರ್ ಮೇಲೆ. ತುಂಬಾ ಸಲ ಬಿತ್ತು."

ಅಮ್ಮ ಲೋಟ ಕೆಳಗಿಟ್ಟರು. "ಒಡೀತೇನೇ?"

"ಇಲ್ಲ ಅಜ್ಜಿ" ಎಂದು ಅವಳು ಸಾರಿನ ಲೋಟ ಎಳೆದುಕೊಂಡಳು. "ಅದೇ ಎದ್ದು ನಿಂತ್ಕೊಳತ್ತೆ."